ಅಂಬುಬಾಯಿಯ ಗಿರಣಿ

ಅಂಬುಬಾಯಿಯ ಎಡಗೈ ಗುರುಗುಟ್ಟುತ್ತಿತ್ತು. ಹೊಟ್ಟೆ ಗುರುಗುಟ್ಟುವುದನ್ನು ಎಲ್ಲರೂ ಕೇಳಿದ್ದಾರೆ, ಕೈ ಗುರುಗುಟ್ಟುವುದನ್ನು ಕಾಚಿಗೂಡ ಸ್ಟೇಷನ್ನಿನ ಹಿಂದಿನ ಆ ವಠಾರದವರು ಬಿಟ್ಟರೆ ಕೇಳಿದವರು ಕಡಿಮೆ. ಕಿಡ್ನಿಗಳು ಕೈಕೊಟ್ಟು ಆಕೆ ವಾರದಲ್ಲಿ ಮೂರು ದಿನ ಡಯಾಲಿಸಿಸ್ಸಿಗೆ ಹೋಗುತ್ತಿದ್ದಳು. ಯಂತ್ರಕ್ಕೆ ರಕ್ತ ಹೋಗಿಬರಲು ಗಟ್ಟಿಯಾದ ದಾರಿ ಬೇಕೆಂದು ಡಾಕ್ಟರು ಮಣಿಕಟ್ಟಿನ ಬಳಿ ಎರಡು ರಕ್ತನಾಳಗಳನ್ನು ಸೇರಿಸಿ ಹೊಲಿದಿದ್ದರು. ಫಿಸ್ಟುಲಾ ಎಂದು ಅದರ ಹೆಸರು. ಅಲ್ಲಿ ರಕ್ತ ಜೋರಾಗಿ ಓಡುತ್ತಿರುವ ತನಕ ಚರ್ಮದ ಕೆಳಗೆ ಸದ್ದು. ಸದ್ದು ನಿಂತಿತೆಂದರೆ ದಾರಿ ಮುಚ್ಚಿತೆಂದೇ ಲೆಕ್ಕ. ಆ ಸದ್ದಿಗೆ ಅಮರೇಶಪ್ಪ ಗಿರಣಿ ಎಂದು ಹೆಸರಿಟ್ಟಿದ್ದ.

ಅಮರೇಶಪ್ಪನೆಂದರೆ ಆಕೆಯ ಗಂಡ. ಬೇಗಂಪೇಟೆಯ ಒಂದು ಆಫೀಸಿನಲ್ಲಿ ಗುಮಾಸ್ತ, ಫೈಲಿನ ದಾರ ಬಿಚ್ಚುವಾಗಲೂ ಕೈ ನಡುಗಿಸುವ ಪುಕ್ಕಲ. ಬೆಳಿಗ್ಗೆ ಎದ್ದವನೇ ಮುಖ ತೊಳೆಯುವ ಮೊದಲು ಹೆಂಡತಿಯ ಮಣಿಕಟ್ಟಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ಕೂತುಬಿಡುತ್ತಿದ್ದ.

“ಗಿರಣಿ ಚಾಲೂ ಐತಿ!” ಎಂದು ವಠಾರಕ್ಕೆಲ್ಲ ಕೇಳುವಂತೆ ಕೂಗಿದ ಮೇಲೆಯೇ ಅವನಿಗೆ ಚಹಾ.

ಎದುರು ಮನೆಯ ಕೃಷ್ಣಾಬಾಯಿ ಮೊದಲ ದಿನ ಇದನ್ನು ಕಿಟಕಿಯಿಂದ ಕಂಡು, “ಈ ವಯಸ್ಸಿನ್ಯಾಗ ಇದೇನ ಚಂದವಾ!” ಎಂದು ಪರದೆ ಎಳೆದುಕೊಂಡಿದ್ದಳು. ಸಂಗತಿ ತಿಳಿದ ಮೇಲೆ ಆಕೆಯೇ ದಿನಾ ಮಧ್ಯಾಹ್ನ ಬಂದು ಬೆರಳಿಟ್ಟು, ಕಚಗುಳಿಯಾಯಿತೆಂದು ಕಿಸಕ್ಕನೆ ನಕ್ಕು ಹೋಗುತ್ತಿದ್ದಳು. ಅಂಬುಬಾಯಿಯೂ ಜಂಬದಿಂದಲೇ ಕೈ ಚಾಚುತ್ತಿದ್ದಳು. ರೋಗದಿಂದ ಯಾರಿಗಾದರೂ ಇಷ್ಟು ಮರ್ಯಾದೆ ಸಿಕ್ಕಿದ್ದುಂಟೆ?

ಆದರೆ ಒಳಗೊಳಗೆ ಪುಕುಪುಕು ಇದ್ದೇ ಇತ್ತು. ಇದು ಮೂರನೆಯ ಫಿಸ್ಟುಲಾ. ಬಲಗೈಯಲ್ಲಿ ಮಾಡಿದ ಎರಡೂ ಹೆಪ್ಪುಗಟ್ಟಿ ಮುಚ್ಚಿಹೋಗಿದ್ದವು. ಹೊಸದು ಕೆಲಸಕ್ಕೆ ಬರುವವರೆಗೆ ಡಯಾಲಿಸಿಸ್ಸಿಗೆ ಇರಲಿ ಎಂದು ಕೊರಳಲ್ಲಿ ತೂರಿಸಿದ್ದ ನಳಿಕೆ ತಿಂಗಳುಗಟ್ಟಲೆ ಅಲ್ಲೇ ಠಿಕಾಣಿ ಹೂಡಿತ್ತು. ಆ ಮಗ್ಗುಲಿಗೆ ಮಲಗುವಂತಿಲ್ಲ, ತಲೆಯ ಮೇಲೆ ನೀರು ಹೊಯ್ದುಕೊಳ್ಳುವಂತಿಲ್ಲ. ಎರಡು ಸಲ ಕೀವಾಗಿ ಚಳಿಜ್ವರ ಬಂದು ಸತ್ತು ಬದುಕಿದ್ದಳು. ಎಡಗೈಯ ನರ ದಪ್ಪಗಾದರೆ ಅಲ್ಲಿಗೇ ಸೂಜಿ ಹಾಕಿ, ಕೊರಳಿನದನ್ನು ಕಿತ್ತುಬಿಡೋಣ ಎಂದಿದ್ದರು ಡಾಕ್ಟರು. ಇದೂ ಹೋದರೆ ಮತ್ತೆಲ್ಲಿ ಹುಡುಕಲಿ ಎಂದೂ ಸೇರಿಸಿದ್ದರು. ಆ ಕೈಗೆ ಭಾರ ಬೇಡ, ಬಿ.ಪಿ. ಪಟ್ಟಿ ಬೇಡ, ಗಡಿಯಾರ ಬೇಡ. ಬಳೆ ಅಂತೂ ಬೇಡವೇ ಬೇಡ.

ಅಂಬುಬಾಯಿಗೆ ಉರಿದದ್ದು ಆ ಕೊನೆಯದಕ್ಕೇ.

ಹೀಗಿರುವಾಗ ನೆಗೆಣ್ಣಿ ಶಾರದಾಬಾಯಿಯ ಸೊಸೆ, ಚೊಚ್ಚಲ ಬಸುರಿ ವಿಶಾಲಾಕ್ಷಿಯ ಕುಬಸ ಬಂತು. ಶಾರದಾಬಾಯಿ ಅದೇ ವಠಾರದ ಮಹಡಿಯಲ್ಲಿದ್ದಳು. ಪ್ರತ್ಯೇಕ ತೆಲಂಗಾಣ ರಾಜ್ಯ ಬೇಕೆಂದು ಊರು ಎರಡು ದಿನಕ್ಕೊಮ್ಮೆ ಬಂದ್ ಆಗುತ್ತಿದ್ದ ಕಾಲ ಅದು. ಅಂದೂ ಬಂದ್. ಗಂಡಸರೆಲ್ಲ ಕೆಳಗೆ ಅಂಗಳದಲ್ಲಿ ಇಸ್ಪೀಟು ಹಾಕಿಕೊಂಡು ಕೂತರು. ಹೆಂಗಸರೆಲ್ಲ ಮೇಲೆ ಸೇರಿ, ಸೋಬಾನ ಪದಗಳಿಂದ ಮಾಳಿಗೆ ಹಾರಿಸುವುದೊಂದು ಬಾಕಿ ಇತ್ತು.

ಹಳೇ ಊರಾದ ಪಾತಬಸ್ತಿಯಿಂದ ಬಳೆಗಾರ್ತಿ ಆಪಾ ಅದು ಹೇಗೋ ನಡೆದುಕೊಂಡೇ ಬಂದಿದ್ದಳು. ಬಸುರಿಗೆ ಹಸಿರು ಗಾಜಿನ ಬಳೆ, ಆಮೇಲೆ ನೆರೆದ ಮುತ್ತೈದೆಯರಿಗೆಲ್ಲ ಬಳೆ. ಅಂಬುಬಾಯಿ ಸೆರಗಿನಲ್ಲಿ ಎಡಗೈ ಮುಚ್ಚಿಕೊಂಡು ಮೂಲೆ ಹಿಡಿದಿದ್ದಳು. ಆಗ ಶಾರದಾಬಾಯಿ ಕೃಷ್ಣಾಬಾಯಿಯ ಕಿವಿಯಲ್ಲಿ ಅಂದದ್ದು ಆಕೆಗೂ ಕೇಳಿಸಿತು.

“ಕುಬಸದಾಗ ಮುತ್ತೈದಿ ಬರೇ ಕೈಲೆ ಕುಂತರ ಚಂದ ಕಾಣತೈತೇನ? ಒಂದ ತಾಸು ಹಾಕ್ಕೊಂಡರ ಏನ ಮುಳುಗಿ ಹೋಗತೈತಿ?”

ಅಂಬುಬಾಯಿಗೆ ಮೈಯೆಲ್ಲ ಚುರುಗುಟ್ಟಿತು. ಆಪಾಳ ಮುಂದೆ ಆ ಹಸಿರು ಬಳೆಗಳು ಬೇರೆ ಫಳಫಳ ಅನ್ನುತ್ತಿದ್ದವು. ಒಂದು ತಾಸು ತಾನೆ! ಎದ್ದು ಬಂದು, ಜನ್ಮದಲ್ಲಿ ಡಾಕ್ಟರ ಮುಖವನ್ನೇ ನೋಡದವಳ ಧೈರ್ಯದಿಂದ ಎಡಗೈ ಚಾಚಿಬಿಟ್ಟಳು. ಆಪಾ ಬೆರಳುಗಳನ್ನು ಮುದುರಿ, ಹಿಂಡಿ, ಮಾತಿನಲ್ಲಿ ಮರೆಸಿ, ಅರ್ಧ ಡಜನ್ ಬಳೆ ಏರಿಸಿ ಮೇಲೊಂದು ಸೇರಿಸಿದಳು. ಸಡಿಲ ಬಳೆ ತೊಡಿಸಿದರೆ ಆಪಾಳ ಕಸುಬಿಗೇ ಅವಮಾನ.

ಆಹಾ, ಆ ಕಿಣಿಕಿಣಿ! ಅಂಬುಬಾಯಿ ಬೇಕೆಂದೇ ಆ ಕೈಯಲ್ಲೇ ಹೂ ಹಂಚಿದಳು, ಆ ಕೈಯಲ್ಲೇ ಕೃಷ್ಣಾಬಾಯಿಯ ಬೆನ್ನಿಗೊಂದು ಗುದ್ದಿದಳು, ಎಲ್ಲರಿಗಿಂತ ಎತ್ತರದ ದನಿಯಲ್ಲಿ ಹಾಡಿದಳು. ಹಾಡು ಮುಗಿಯುವಷ್ಟರಲ್ಲಿ ಬೆರಳು ಜೋಮು ಹಿಡಿದಂತಾಯಿತು. ಮಣಿಕಟ್ಟು ಊದಿ ಬಳೆಗಳು ಚರ್ಮದೊಳಗೆ ಹೂತಿದ್ದವು. ಹೆಬ್ಬೆರಳಿಟ್ಟು ನೋಡಿದಳು. ಏನೂ ಇಲ್ಲ.

“ಏ, ಸುಮ್ಮನಿರ್ರಿ! ನನ್ನ ಗಿರಣಿ ನಿಂತೈತಿ!”

ಮನೆ ಗಪ್ಪೆಂದಿತು. ಅಷ್ಟು ಹೆಂಗಸರು ಒಟ್ಟಿಗೆ ಬಾಯಿ ಮುಚ್ಚಿದ್ದು ಆ ವಠಾರದ ಚರಿತ್ರೆಯಲ್ಲೇ ಮೊದಲು. ಒಬ್ಬೊಬ್ಬರಾಗಿ ಬಂದು ಕಿವಿ ಇಟ್ಟರು. ಒಬ್ಬಳು ಕೇಳಿಸಿತೆಂದಳು, ಅದು ಆಕೆಯದೇ ಹೊಟ್ಟೆ. ಆಪಾ ಸಾಬೂನು ಹಚ್ಚಿ ಎಳೆದಳು. ಬಳೆ ಜಗ್ಗಲಿಲ್ಲ, ನೋವಿಗೆ ಅಂಬುಬಾಯಿಯ ಕಣ್ಣಲ್ಲಿ ನೀರು ಬಂತು.

“ಕಾಟನಾ ಪಡ್ತಾ ಅಮ್ಮಾ,” ಎಂದಳು ಆಪಾ ಕೈಚೆಲ್ಲಿ.

ಕತ್ತರಿಸುವುದೆ! ಕುಬಸದ ಮನೆಯಲ್ಲಿ, ಬಸುರಿಯ ಎದುರಿಗೆ, ಗಂಡ ಬದುಕಿರುವ ಹೆಂಗಸಿನ ಬಳೆ! ಶಾರದಾಬಾಯಿ ಎರಡೂ ಕಿವಿ ಮುಚ್ಚಿಕೊಂಡಳು. ಅಂಬುಬಾಯಿಯಾದರೋ ಬಾಲ್ಕನಿಗೆ ಓಡಿ, ಮದುವೆಯಾದಾಗಿನಿಂದ ಯಾವ ಹೆಸರನ್ನು ನಾಲಿಗೆಗೆ ತಂದಿರಲಿಲ್ಲವೋ ಅದನ್ನೇ ಗಂಟಲು ಹರಿಯುವಂತೆ ಕೂಗಿದಳು.

“ಅಮರೇಶಪ್ಪಾ! ಓ ಅಮರೇಶಪ್ಪಾ!”

ಅಂಗಳದ ಗಂಡಸರೆಲ್ಲ ತಲೆ ಎತ್ತಿದರು. ಅಮರೇಶಪ್ಪ ಮಾತ್ರ ಆಫೀಸಿನಿಂದ ಯಾರೋ ಬಂದಿರಬೇಕೆಂದು ಗೇಟಿನ ಕಡೆ ನೋಡಿದ. ಕರೆದದ್ದು ಹೆಂಡತಿ ಎಂದು ತಲೆಗೆ ಹೊಳೆದದ್ದೇ ತಡ, ಇಸ್ಪೀಟೆಲೆಗಳನ್ನು ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲು ಹಾರಿ ಬಂದ.

ಬಂದು ಕೈ ನೋಡಿದ. ಎಲೆಯಡಿಕೆಯ ತಟ್ಟೆಯಿಂದ ಅಡಕೊತ್ತು ತೆಗೆದುಕೊಂಡ.

“ಬ್ಯಾಡಪಾ ಮೈದುನಾ, ಅಪಶಕುನ!” ಎಂದಳು ಶಾರದಾಬಾಯಿ. “ನಿನ್ನ ಕೈಯಾರೆ ನೀನ…”

“ವೈನಿ, ನಾ ಇಲ್ಲೇ ಗುಂಡಕಲ್ಲಿನಂಗ ನಿಂತೀನಿ. ನಾ ಇರೋದಕ್ಕ ನಾನ ಸಾಕ್ಷಿ. ಆಕಿ ಇರಬೇಕು, ಅಷ್ಟ!”

ಪುಕ್ಕಲ ಅಮರೇಶಪ್ಪನ ಬಾಯಿಂದ ಇಂಥ ಮಾತು! ಕರ್ಚೀಫನ್ನು ಸುರುಳಿ ಮಾಡಿ ಬಳೆಯ ಕೆಳಗೆ ತೂರಿಸಿದ. ಗಾಜು ಕೆಳಗಿನ ನರಕ್ಕೆ ತಾಗಿದರೆ ರಕ್ತ ಕಾರಂಜಿಯಾದೀತೆಂದು ಅವನಿಗೂ ಗೊತ್ತು, ಆಕೆಗೂ ಗೊತ್ತು. ಕೈ ಎಂದಿನಂತೆ ನಡುಗುತ್ತಿತ್ತು. ಅದನ್ನು ಕಂಡು ಅಂಬುಬಾಯಿಗೆ ಎಲ್ಲಿಲ್ಲದ ನಗು ಉಕ್ಕಿತು, ತಡೆದಷ್ಟೂ ಉಕ್ಕಿತು.

“ನಗಬ್ಯಾಡ, ನಿನ್ನ ಕೈನೂ ಕುಣಿಯಾಕತ್ತೈತಿ!”

“ನಿಮ್ಮದು ನಿಂತರ ನಂದೂ ನಿಲ್ಲತೈತ್ರೀ!”

ಅಡಕೊತ್ತು ಕಚಕ್ಕೆಂದಿತು. ಮುತ್ತೈದೆಯರು ನೋಡಬಾರದೆಂದು ಗೋಡೆಗೆ ಮುಖ ಮಾಡಿದರು. ಒಡೆಯುವ ಸದ್ದು ಬಸುರಿಯ ಕಿವಿಗೆ ಬೀಳಬಾರದೆಂದು ಶಾರದಾಬಾಯಿ ಗೋಡೆಗೇ ಮುಖ ಹಚ್ಚಿ ಗಟ್ಟಿಯಾಗಿ ಹಾಡತೊಡಗಿದಳು. ಅಮರೇಶಪ್ಪ ಕಿವಿ ಇಟ್ಟ, ಹಾಡು ಬಿಟ್ಟು ಮತ್ತೇನೂ ಕೇಳಲಿಲ್ಲ. “ವೈನೀ, ಹಾಡು ನಿಲ್ಲಸ್ರಿ!” ಎಂದು ಗೋಗರೆದ. ಆಕೆ ನಿಲ್ಲಿಸಿದಳು, ಅಡಕೊತ್ತು ಕಚಕ್ಕೆಂದಿತು, ಆಕೆ ಮತ್ತೆ ಹಾಡಿದಳು. ಬಳೆ ಬಳೆಗೂ ಇದೇ ಕತೆ. ಕೊನೆಯ ಬಳೆ ಬಿದ್ದಾಗ ಎಲ್ಲರೂ ಸುಮ್ಮನಾದರು.

ಅವನು ಕಿವಿ ಹಚ್ಚಿದ. ಅಂಬುಬಾಯಿಯ ನಗು ಎಲ್ಲೋ ಉಡುಗಿತ್ತು. ಕೊರಳಿನ ನಳಿಕೆ ಇನ್ನು ಸಾಯುವ ತನಕ ತನ್ನದೇ ಎಂದುಕೊಂಡಳು. ಅವನ ತಲೆಗೂದಲಲ್ಲಿ ಬೆವರು ಇಳಿಯುವುದನ್ನು ನೋಡುತ್ತ ಕೂತಳು.

“ಐತಿ,” ಎಂದ ಅವನು, ತಾನೇ ನಂಬದವನಂತೆ. “ಸಣ್ಣಗ ಐತಿ. ತಡಿ… ಐತಿ ಐತಿ ಐತಿ!”

ಸಣ್ಣಗಿದ್ದರೆ ಸಾಲದು, ಡಾಕ್ಟರು ನೋಡಬೇಕು. ಬಂದ್ ಆದರೇನು, ಕೃಷ್ಣಾಬಾಯಿಯ ಗಂಡನ ಸ್ಕೂಟರ್ ಹೊರಟಿತು. ಅಮರೇಶಪ್ಪ ಓಡಿಸಿದ, ಅಂಬುಬಾಯಿ ಹಿಂದೆ ಕೂತು ಎಡಗೈಯನ್ನು ಎದೆಗೆ ಹಿಡಿದಿದ್ದಳು. ಚೌಕದಲ್ಲಿ ಅಡ್ಡ ಹಾಕಿದ ಹುಡುಗರಿಗೆ ಆಕೆ ಕೈಯನ್ನೇ ಮುಂದೆ ಮಾಡಿ, “ಚೂಡು ನಾಯನಾ, ಮುಟ್ಟಿ ಚೂಡು!” ಎಂದಳು. ಒಬ್ಬ ಮುಟ್ಟಿ, ಬೆಚ್ಚಿ ಹಿಂದಕ್ಕೆ ಹಾರಿ, ದಾರಿ ಬಿಡಿಸಿದ. ಡಾಕ್ಟರು ಯಂತ್ರ ಹಚ್ಚಿ ನೋಡಿದರು, ತೆಲುಗಿನಲ್ಲಿ ಗಂಡ ಹೆಂಡಿರಿಬ್ಬರಿಗೂ ಹೊಟ್ಟೆ ತುಂಬ ಬೈದರು. ಬೈದು ಮುಗಿಸಿ, ದಾರಿ ಮುಚ್ಚಿಲ್ಲ, ನರವೂ ಚೆನ್ನಾಗಿ ದಪ್ಪಗಾಗಿದೆ, ಸೋಮವಾರ ಇಲ್ಲಿಗೇ ಸೂಜಿ ಹಾಕೋಣ, ಸರಿಯಾಗಿ ನಡೆದರೆ ಕೊರಳಿನದು ತೆಗೆಯೋಣ ಎಂದರು. ಇಬ್ಬರೂ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಹುಚ್ಚರಂತೆ ನಕ್ಕರು.

ವಠಾರಕ್ಕೆ ಮರಳಿದಾಗ ಮಹಡಿಯಲ್ಲಿ ಹಾಡಿಲ್ಲ, ಊಟವಿಲ್ಲ. ವಿಶಾಲಾಕ್ಷಿ ಹಸೆಮಣೆಯ ಮೇಲೆ ತೂಕಡಿಸುತ್ತಿದ್ದಳು. ಅಂಬುಬಾಯಿಯ ನಗು ಬಾಗಿಲಲ್ಲೇ ನಿಂತಿತು. ಬಳೆ ಒಡೆಸಿಕೊಂಡ ಕೈ ಇದು, ಚೊಚ್ಚಲ ಬಸುರಿಯ ಮುಂದೆ ಹೇಗೆ ಹೋಗಲಿ? ಎಡಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

ಶಾರದಾಬಾಯಿ ದಡದಡನೆ ಬಂದು ಆ ಕೈಯನ್ನು ಎಳೆದು ತೆಗೆದಳು. ಮಣಿಕಟ್ಟಿನ ಮೇಲೆ ಅಂಗೈ ಇಟ್ಟಳು, ಇಷ್ಟು ದಿನ ಹೇಸಿ ಮುಟ್ಟದವಳು. ಅವಳ ಹುಬ್ಬು ಮೇಲೇರಿತು.

“ಯವ್ವಾ! ಇದಕ್ಕ ಬರೇ ಕೈ ಅಂದೆನಲ್ಲ, ನನ್ನ ಬಾಯಾಗ ಮಣ್ಣ ಬೀಳಲಿ. ಒಳಗ ಡೊಳ್ಳು ಬಾರಸಾಕತ್ತೈತಿ!” ಅರಿಷಿಣ, ಕುಂಕುಮ ತಂದು ಬೋಳು ಮಣಿಕಟ್ಟಿಗೆ ಮೆಲ್ಲಗೆ, ಕೂಸಿನ ನೆತ್ತಿಗೆ ಹಚ್ಚುವಂತೆ ಹಚ್ಚಿದಳು. “ನಡಿ ಒಳಗ. ನೀ ಬರೂತನಕ ಯಾರೂ ಉಡಿ ತುಂಬೂದಿಲ್ಲಂತ ಕುಂತೀವಿ. ಈ ಕೈಲೇ ಮೊದಲ ತುಂಬಬೇಕ.”

ಅಂಬುಬಾಯಿ ಬೊಗಸೆ ತುಂಬ ಅಕ್ಕಿ ಎತ್ತಿದಳು. ವಿಶಾಲಾಕ್ಷಿ ಸೆರಗು ಒಡ್ಡಿ, ತಲೆ ಬಗ್ಗಿಸಿ, ಆ ಎಡಗೈಯನ್ನೇ ಮೊದಲು ಕಣ್ಣಿಗೆ ಒತ್ತಿಕೊಂಡಳು. ಅಂಬುಬಾಯಿ ಹುಡುಗಿಯ ಉಡಿಗೆ ಬೊಗಸೆ ಬೊಗಸೆಯಾಗಿ ಅಕ್ಕಿ ಸುರಿಯುತ್ತಲೇ ನಿಂತಳು, ಸೆರಗು ತುಂಬಿ ನೆಲಕ್ಕೆಲ್ಲ ಚೆಲ್ಲಿದರೂ ಯಾರೂ ಸಾಕು ಎನ್ನಲಿಲ್ಲ.