ಮೇಷ್ಟ್ರು ಮಾಡಿದ ಬಾಣಂತನ

ಸೊಸೆ ಪವಿತ್ರಾಗೆ ತಾಯಿ ಇರಲಿಲ್ಲ. ಚೊಚ್ಚಲ ಬಾಣಂತನ ತನ್ನದೇ ಎಂದು ರಾಮಕ್ಕ ಹರಳೆಣ್ಣೆ, ಮೆಣಸು, ಹಳೇ ಸೀರೆಯ ಮೆತ್ತನೆ ಬಟ್ಟೆ ಎಲ್ಲ ತೆಗೆದಿಟ್ಟಿದ್ದಳು. ಹೆರಿಗೆಗೆ ಇನ್ನು ವಾರವಿದೆ ಎನ್ನುವಾಗ ತೋಟದಲ್ಲಿ ಬಿದ್ದ ಕಾಯಿ ಆರಿಸಲು ಹೋಗಿ ಜಾರಿ ಬಲಗೈ ಮುರಿದುಕೊಂಡಳು.

"ನಾನೇ ಮಾಡ್ತೀನಿ ಬುಡವ್ವ," ಅಂದ ಮಗ ರಂಗರಾಜು.

ಅವನು ದಂಡಿನಶಿವರದ ಪಕ್ಕದೂರಿನ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರು. ಹೆಂಡತಿ ಹೆತ್ತಾಗ ಗಂಡಸರಿಗೂ ಹದಿನೈದು ದಿನ ರಜೆ ಉಂಟು. ಆದರೆ ಆ ಶಾಲೆಯಲ್ಲಿ ಅದುವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ಹೆರಿಗೆಯಾದ ಮಾರನೇ ದಿನ ಅವನು ಕೊಟ್ಟ ಅರ್ಜಿ ನೋಡಿದ ಹೆಡ್‌ಮಾಸ್ಟರ್ ಪರಮಶಿವಯ್ಯನವರು, "ಹೆತ್ತಿದ್ದು ನಿಮ್ಮ ಹೆಂಡ್ತಿ ಕಣ್ರೀ, ನೀವಲ್ಲ," ಎಂದು ಎಲ್ಲರನ್ನೂ ನಗಿಸಿ ಸಹಿ ಹಾಕಿದರಂತೆ.

ರಾಮಕ್ಕನಿಗೆ ಊರು ನಕ್ಕೀತೆಂಬ ದಿಗಿಲು. ಮಗುವಿಗೆ ನೀರು ಹಾಕುವ ಹೊತ್ತಿಗೆ ಬಾಗಿಲು ಮುಚ್ಚಿಸುತ್ತಿದ್ದಳು. ತಾನು ಮಣೆಯ ಮೇಲೆ ಕೂತು ಹೇಳಿಕೊಡುವಳು. "ನೀರು ಮೊಣಕೈಗೆ ಸೋಕಿಸಿ ನೋಡ್ಲಾ. ಕತ್ತು ಹಿಡ್ಕೊ. ಹೆದರ್ಬ್ಯಾಡ."

ಮೊದಲ ದಿನ ಅವನು ಅರ್ಧ ಚೊಂಬು ನೀರನ್ನು ತನ್ನ ಕಾಲಿಗೇ ಸುರಿದುಕೊಂಡ. ನಾಲ್ಕನೇ ದಿನ ಮಗು ಅವನ ಕಾಲ ಮೇಲೇ ನಿದ್ದೆ ಹೋಯಿತು. ಹೆಂಡತಿಗೆ ಮೆಣಸಿನ ಸಾರು ಕಾಯಿಸುವುದನ್ನೂ, ಕೈಲಾಗದ ತಾಯಿಯ ತಲೆ ಬಾಚಿ ತುರುಬು ಕಟ್ಟುವುದನ್ನೂ ಅವನು ಕಲಿತುಬಿಟ್ಟ.

ಒಂಬತ್ತನೇ ದಿನ ಪಕ್ಕದ ಮನೆಯ ಸಿದ್ದಮ್ಮ ಹಿತ್ತಿಲಿನಿಂದ ಸೀದಾ ಒಳಬಂದಳು. ಲುಂಗಿ ಎತ್ತಿಕಟ್ಟಿ, ಕಾಲು ನೀಡಿ, ಮಗುವನ್ನು ಬೋರಲು ಮಲಗಿಸಿಕೊಂಡಿದ್ದ ಮೇಷ್ಟ್ರನ್ನು ಕಂಡು ಗಲ್ಲದ ಮೇಲೆ ಕೈಯಿಟ್ಟಳು.

"ಅಯ್ಯೋ ರಾಮಕ್ಕ, ಗಂಡ್ಸಿನ ಕೈಲಿ ಇದೆಲ್ಲಾ ಮಾಡ್ಸದಾ?"

ಇವತ್ತೊಂದು ದಿನ ಅಷ್ಟೇ ಎಂದು ಸುಳ್ಳು ಹೇಳಲು ರಾಮಕ್ಕ ಬಾಯಿ ತೆರೆದಳು. ಅಷ್ಟರಲ್ಲಿ, ಮಗುವಿನ ಕಿವಿಯ ಹಿಂದಿನ ನೀರನ್ನು ಒಂದೇ ಬೆರಳಲ್ಲಿ ಒರೆಸುತ್ತಿದ್ದ ಮಗ ಕಣ್ಣಿಗೆ ಬಿದ್ದ. ಅವಳ ಎದೆ ತುಂಬಿ ಬಂತು.

"ದಿನಾ ಅವ್ನೇ ಮಾಡ್ತವ್ನೆ ಕಣೇ. ನನಗಿಂತ ಚೆನ್ನಾಗ್ ಮಾಡ್ತಾನೆ. ಕೂತ್ಕಂಡು ನೋಡು," ಅಂದಳು.

ಆಮೇಲೆ ಬಾಗಿಲು ಮುಚ್ಚಿಸಲಿಲ್ಲ.

ರಜೆ ಮುಗಿದ ದಿನ ರಂಗರಾಜು ಬೆಳಕು ಹರಿಯುವ ಮೊದಲೇ ಎದ್ದು ಮಗುವಿಗೆ ನೀರು ಹಾಕಿ ಶಾಲೆಗೆ ಹೋದ. ಅಲ್ಲಿ ಯಾರು ಏನಂದಾರೋ ಎಂದು ರಾಮಕ್ಕನಿಗೆ ಇಡೀ ದಿನ ಮನಸ್ಸು ನಿಲ್ಲಲಿಲ್ಲ. ಸಂಜೆ ಅವನ ಜೊತೆ ಸಿದ್ಧಾರ್ಥ್ ಎಂಬ ಹೊಸ ಮೇಷ್ಟ್ರೂ ಬಂದರು.

"ಏನಂದ್ರಪ್ಪ ಹೆಡ್‌ಮಾಸ್ಟ್ರು?"

"'ಬಾಣಂತಿ ಬಂದ್ರು' ಅಂದ್ರು. 'ಹೂಂ ಸಾರ್, ಹದಿನೈದು ದಿನ ಸಾಲ್ಲಿಲ್ಲ' ಅಂದೆ. ಯಾರೂ ನಗಲಿಲ್ಲ ಕಣವ್ವ. ಆಮೇಲೆ ಅವರೇ ಕರೆದು ಮಗು ಹೆಂಗೈತೆ ಅಂತ ಕೇಳಿದ್ರು."

ಸಿದ್ಧಾರ್ಥ್ ಸಂಕೋಚದಿಂದ ಮುಂದೆ ಬಂದರು. "ಅಮ್ಮ, ಮುಂದಿನ ತಿಂಗಳು ನಮ್ಮನೇಲೂ ಹೆರಿಗೆ. ನಾನೂ ರಜೆ ಹಾಕ್ತೀನಿ. ಏನೇನು ಕಲೀಬೇಕು, ಹೇಳಿಕೊಡ್ತೀರಾ?"

ರಾಮಕ್ಕ ಸೆರಗು ಸರಿಮಾಡಿಕೊಂಡು ಗತ್ತಿನಿಂದ ಕೂತಳು. "ಕೂತ್ಕಳಪ್ಪ. ಮೊದ್ಲು ಆ ಉಗುರು ಕತ್ತರಿಸ್ಕೊ."