ಮೂರನೇ ಗ್ಲಾಸಿನ ಘಮ

ದ್ವಾರಕನಾಥರ ಬಾಲ್ಕನಿಯಲ್ಲಿ ತಿಂಗಳಿಗೊಮ್ಮೆ ಸೇರುವ ವಿಸ್ಕಿ ಕೂಟಕ್ಕೆ ತೀರ್ಪುಗಾರರು ಒಬ್ಬರೇ, ಸ್ವತಃ ದ್ವಾರಕನಾಥರು. ಬೆತ್ತದ ಕುರ್ಚಿಯಲ್ಲಿ ಕೂತು, ಗ್ಲಾಸಿಗೆ ಮೂಗಿಟ್ಟು, ಕಣ್ಣು ಮುಚ್ಚಿ ಅವರು ಅಂಕ ಹೇಳಿದರೆ ಮುಗಿಯಿತು. ಉಳಿದವರ ಪಾಲಿಗೆ ತಲೆದೂಗುವುದು ಮತ್ತು ಅವರ ಹೆಂಡತಿ ನಾಗಮಣಿ ಕರಿದ ಕೋಡುಬಳೆ.

ಅರುಂಧತಿಗೆ ಮೂಗೇ ಉದ್ಯೋಗ. ಉಬಿ ಎಂಬ ಕೈಗಾರಿಕಾ ಬಡಾವಣೆಯಲ್ಲಿ ಬಿಸ್ಕತ್ತು, ಐಸ್‌ಕ್ರೀಮುಗಳಿಗೆ ಪರಿಮಳ ತಯಾರಿಸುವ ಕಂಪನಿಯೊಂದರ ಲ್ಯಾಬಿನಲ್ಲಿ, ನಿಜವಾದ ವೆನಿಲ್ಲಾ ಯಾವುದು, ಅದರ ವೇಷ ಹಾಕಿದ್ದು ಯಾವುದು ಎಂದು ಮೂಸಿ ಹೇಳುವುದಕ್ಕೆ ಅವಳಿಗೆ ಸಂಬಳ. ಆದರೆ ಗಂಡ ಸಂಪತ್‌ನ ಜೊತೆ ಟ್ಯಾಂಪಿನೀಸ್‌ನ ಈ ಬಾಲ್ಕನಿಗೆ ಬಂದಾಗ ಮಾತ್ರ ಆ ಮೂಗನ್ನು ಯಾರೂ ಕೇಳುತ್ತಿರಲಿಲ್ಲ. ಒಂದೇ ಒಂದು ಸಲ ಆ ಬೆತ್ತದ ಕುರ್ಚಿಯಲ್ಲಿ ಕೂತು ಒಂದು ಬಾಟಲಿಗೆ ತಾನು ತೀರ್ಪು ಕೊಡಬೇಕೆಂಬುದು ಅವಳ ಬಹುದಿನದ ಆಸೆ.

ಹೋದ ತಿಂಗಳು ಅವಳು ತಡೆಯಲಾರದೆ, ‘ಇದಕ್ಕೆ ಎರಡು ಹನಿ ನೀರು ಹಾಕಿದ್ರೆ ವಾಸನೆ ಬಿಚ್ಕೊಳತ್ತೆ ಅಂಕಲ್’ ಎಂದುಬಿಟ್ಟಿದ್ದಳು.

‘ಕ್ಯಾಸ್ಕ್ ಸ್ಟ್ರೆಂತ್ ಅಂದ್ರೆ ಪೀಪಾಯಿಂದ ಹೇಗೆ ಬಂತೋ ಹಾಗೇ ಕುಡೀಬೇಕು ಕಣಮ್ಮಾ. ನೀರು ಹಾಕೋದು ಅಂದ್ರೆ ಫಸ್ಟ್ ಡಿಕಾಕ್ಷನ್‌ನ ನಲ್ಲಿ ಕೆಳಗೆ ಹಿಡಿದ ಹಾಗೆ,’ ಎಂದಿದ್ದರು ದ್ವಾರಕನಾಥರು. ಆಮೇಲೆ ಎಲ್ಲರೆದುರೇ ಪಂಥ ಕಟ್ಟಿದ್ದರು. ‘ಮೂರು ಗ್ಲಾಸ್ ಇಡ್ತೀನಿ. ಎರಡರಲ್ಲಿ ಒಂದೇ ಬಾಟ್ಲಿದು, ಒಂದರಲ್ಲಿ ಬೇರೆ. ಕಂಡುಹಿಡಿದ್ರೆ ಕುರ್ಚಿ ನಿಂದು. ತಪ್ಪಿದ್ರೆ ನೀರಿನ ಮಾತು ಇನ್ನು ಎತ್ತೋ ಹಾಗಿಲ್ಲ.’

ಲ್ಯಾಬಿನಲ್ಲಿ ಇದು ಅವಳಿಗೆ ದಿನನಿತ್ಯದ ಪರೀಕ್ಷೆ. ಒಪ್ಪಿಕೊಂಡಳು.

ಇವತ್ತು ಮೇಜಿನ ಮೇಲಿದ್ದ ಬಾಟಲಿ ಅಮೆರಿಕದ ಬರ್ಬನ್ ವಿಸ್ಕಿ. ಬೇರೆ ಬೇರೆ ಭಟ್ಟಿಗಳ ಹಳೆಯ ಪೀಪಾಯಿಗಳನ್ನು ಆರಿಸಿ ಬೆರೆಸಿದ್ದು, ನೀರು ಸೋಕಿಸದ್ದು, ದುಬಾರಿ. ದ್ವಾರಕನಾಥರ ಮಗಳು ನಿಶ್ಚಿತಾ ಒಳಗೇ ಸುರಿದು, ಗಾಜಿನ ಮುಚ್ಚಳ ಹಾಕಿದ ಮೂರು ಪುಟ್ಟ ಗ್ಲಾಸುಗಳನ್ನು ತಂದಿಟ್ಟಳು.

ಅರುಂಧತಿ ಮೊದಲನೆಯ ಮುಚ್ಚಳ ತೆಗೆದಳು. ಬೆಲ್ಲದ ಪಾಕ, ಹುರಿದ ಕಡಲೆಕಾಯಿ, ತಳದಲ್ಲಿ ಒಣಕೊಬ್ಬರಿ. ಎರಡನೆಯದೂ ಹಾಗೆಯೇ. ಮೂರನೆಯದರಲ್ಲಿ ಅವೆಲ್ಲದರ ಮೇಲೆ ತಣ್ಣಗೆ ಒಂದು ಗಾಳಿ ಬೀಸಿತು. ಕರ್ಪೂರ.

ಮೂರನೆಯದು ಬೇರೆ ಎನ್ನಲು ಬಾಯಿ ತೆರೆದವಳು ಹಾಗೆಯೇ ನಿಂತಳು. ಬೇರೆ ಬಾಟಲಿಯದಾದರೆ ಬೆಲ್ಲ, ಕೊಬ್ಬರಿಗಳೂ ಒಂದಿಷ್ಟು ಬದಲಾಗಬೇಕಲ್ಲ? ಇಲ್ಲಿ ಬದಲಾಗಿದ್ದು ಮೇಲಿನ ಪದರ ಮಾತ್ರ. ಅವಳು ಮೂರರಿಂದಲೂ ಒಂದೊಂದು ಹನಿಯನ್ನು ಮುಂಗೈ ಮೇಲೆ ದೂರದೂರಕ್ಕೆ ಇಟ್ಟುಕೊಂಡು ಉಜ್ಜಿದಳು.

‘ಏನಮ್ಮಾ, ತುಪ್ಪ ತಗೊಳಕ್ಕೆ ಬಂದಿದ್ಯಾ?’ ಎಂದರು ದ್ವಾರಕನಾಥರು. ಎಲ್ಲರೂ ನಕ್ಕರು.

ಅವಳು ಕಾದಳು. ಮದ್ಯ ಹಾರಿತು. ಅದರ ಬೆನ್ನಿಗೆ ಕರ್ಪೂರವೂ ಹಾರಿತು. ಚರ್ಮದ ಮೇಲೆ ಉಳಿದದ್ದು ಮೂರು ಕಡೆಯೂ ಒಂದೇ ಕೊಬ್ಬರಿ, ಒಂದೇ ಬೆಲ್ಲ.

‘ಮೂರೂ ಒಂದೇ ಬಾಟ್ಲಿದು ಅಂಕಲ್. ಬೇರೆ ಇರೋದು ಗ್ಲಾಸು.’

‘ಒಂದು ಬೇರೆ ಅಂತ ಅವರೇ ಹೇಳಿದಾರಲ್ಲೇ,’ ಸಂಪತ್ ಮೆಲ್ಲಗೆ ಅಂದ. ‘ಇನ್ನೊಂದ್ಸಲ ನೋಡು.’

ಮಾತುಮಾತಿಗೆ ‘ಲಾ’ ಸೇರಿಸುವ ಈ ಊರಿನ ಇಂಗ್ಲಿಷಿನಲ್ಲೇ ಬೆಳೆದ ನಿಶ್ಚಿತಾಳಿಗೆ ನಗು ತಡೆಯಲಾಗಲಿಲ್ಲ. ‘ಅಪ್ಪ, ಐ ಟೋಲ್ಡ್ ಯು ಲಾ. ಆಂಟಿ ಹತ್ರ ಚೀಟ್ ಮಾಡಕ್ಕಾಗಲ್ಲ ಅಂತ.’

ದ್ವಾರಕನಾಥರು ಗಂಟಲು ಸರಿಮಾಡಿಕೊಂಡರು. ‘ಸರಿ, ಮೂರೂ ಒಂದೇ. ಆದ್ರೆ ಗ್ಲಾಸ್ ಬೇರೆ ಅನ್ನೋದು ನಿನ್ನ ಕಲ್ಪನೆ. ಒಂದೇ ಸೆಟ್ಟಿಂದು.’

‘ಮೂರನೇದರಲ್ಲಿ ಕರ್ಪೂರ ಇದೆ.’

‘ಬರ್ಬನ್‌ನಲ್ಲಿ ಕರ್ಪೂರ,’ ಎಂದು ಅವರು ಉಳಿದವರ ಕಡೆ ತಿರುಗಿ ಕೈ ಚೆಲ್ಲಿದರು. ಅಷ್ಟರಲ್ಲಿ ನಾಗಮಣಿ ಕೋಡುಬಳೆ ತಟ್ಟೆ ಹಿಡಿದು ಬಾಗಿಲಿಗೆ ಬಂದರು.

‘ದೇವರ ಮುಂದೆ ಇದ್ದ ನನ್ನ ಕರ್ಪೂರದ ಡಬ್ಬಿ ಯಾರು ತೆಗೆದಿದ್ದು? ಕರ್ಪೂರ ಎಲ್ಲಾ ಕುಂಕುಮದ ಬಟ್ಲಲ್ಲಿ ಸುರಿದಿದಾರೆ.’ ಅವರ ಕಣ್ಣು ಮೇಜಿನ ಮೇಲೆ ಬಿತ್ತು. ‘ಅಲ್ಲೇ ಇದೆಯಲ್ಲ.’

‘ಅದು ಟೇಸ್ಟಿಂಗ್ ಗ್ಲಾಸು ಕಣೇ.’

‘ಗೌರಿ ಹಬ್ಬದಿಂದ ನನ್ನ ಡಬ್ಬಿ. ಮುಚ್ಚಳ ಚೆನ್ನಾಗಿ ಕೂರತ್ತೆ. ಸುರಿದ ತಕ್ಷಣ ಖಾಲಿ ಮಾಡೋ ನಿಮಗೆ ಮುಚ್ಚಳ ಯಾಕೆ?’

‘ಸೆಟ್ಟಲ್ಲಿ ಎರಡೇ ಸಿಕ್ತು, ಅದಕ್ಕೆ ನಾನೇ ತಗೊಂಡೆ,’ ನಿಶ್ಚಿತಾ ಒಪ್ಪಿಕೊಂಡಳು. ‘ವಾಶ್ ಮಾಡಿದೀನಮ್ಮ, ಪ್ರಾಮಿಸ್.’

‘ನೀರಿಗೆ ಕರ್ಪೂರ ಬಗ್ಗಲ್ಲ, ನಿಶ್ಚಿತಾ. ಮದ್ಯಕ್ಕೆ ಬಗ್ಗತ್ತೆ,’ ಎಂದಳು ಅರುಂಧತಿ.

ಬಾಲ್ಕನಿ ತುಂಬ ನಗು. ಎಲ್ಲರಿಗಿಂತ ತಡವಾಗಿ ನಗಲು ಶುರುಮಾಡಿದ ದ್ವಾರಕನಾಥರೇ ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕರು. ಆಮೇಲೆ ಎದ್ದು, ಟವೆಲಿನಿಂದ ಬೆತ್ತದ ಕುರ್ಚಿಯನ್ನು ಒರೆಸಿ, ‘ಕೂತ್ಕೊಳಮ್ಮಾ, ತೀರ್ಪು ಹೇಳು,’ ಎಂದರು.

ಅವಳು ಕೂತಳು. ಮೊದಲ ಗ್ಲಾಸಿನದನ್ನು ಒಂದು ಗುಟುಕು ಹಾಗೇ ಕುಡಿದಳು. ನಾಲಿಗೆಯ ಮೇಲೆ ಬೆಂಕಿ, ಅದರ ಹಿಂದೆ ಬೆಲ್ಲ. ಕೈಚೀಲದಿಂದ ಡ್ರಾಪರ್ ತೆಗೆದು, ನಿಶ್ಚಿತಾ ಲೋಟದಲ್ಲಿ ತಂದುಕೊಟ್ಟ ನೀರು ಹನಿಸಿ ಮತ್ತೆ ಮೂಸಿದಳು. ಈವರೆಗೆ ಎಲ್ಲೋ ಅಡಗಿದ್ದ ಕಿತ್ತಳೆ ಸಿಪ್ಪೆಯ ಘಮ ಎದ್ದು ಬಂತು.

‘ಒಳ್ಳೇ ಬೆರಕೆ. ನೀರಿಲ್ದೆ ಎಂಬತ್ತೆರಡು. ನೀರು ಹಾಕಿದ್ರೆ ತೊಂಬತ್ತು.’

ಎಲ್ಲರೂ ತಲೆದೂಗಿದರು. ದ್ವಾರಕನಾಥರು ಮಾತ್ರ ತಮ್ಮ ಗ್ಲಾಸನ್ನೇ ನೋಡುತ್ತಿದ್ದು, ಕೊನೆಗೆ ಅದನ್ನು ಅವಳತ್ತ ಚಾಚಿದರು. ‘ಎರಡು ಹನಿ. ಜಾಸ್ತಿ ಬೇಡ.’

ಎರಡೇ ಹನಿಸಿದಳು. ಅವರು ಕಣ್ಣು ಮುಚ್ಚಿ ಬಹಳ ಹೊತ್ತು ಮೂಸಿದರು.

‘ಅಪ್ಪ, ಅದು ನಲ್ಲಿ ನೀರು ಲಾ,’ ಎಂದಳು ನಿಶ್ಚಿತಾ.

ಅವರಿಗೆ ಕೇಳಿಸಲಿಲ್ಲ. ಗ್ಲಾಸು ಮತ್ತೆ ಡ್ರಾಪರಿನ ಕೆಳಗೆ ಬಂತು. ‘ಇನ್ನೊಂದು ಹಾಕಮ್ಮಾ.’