ಮೊದಲ ಚೊಂಬು

ಮದರಾಸಿನ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ನಾನು ಕುಡಿಯುವ ನೀರು, ಕೊಳಾಯಿ, ತುಕ್ಕು ಇವುಗಳ ಪ್ರೊಫೆಸರು. ಇಪ್ಪತ್ತು ವರ್ಷದಿಂದ ಅದನ್ನೇ ಅರೆಯುತ್ತಿದ್ದೇನೆ. ಕೊಳಾಯಿ ನೀರಿನಲ್ಲಿ ಸೀಸ ಹುಡುಕುವ ನನ್ನ ಪದ್ಧತಿಗೆ ಒಂದು ಶಾಲು, ಒಂದು ಗಂಧದ ಹಾರ, ಎರಡು ಬಡ್ತಿ ಬಂದಿವೆ. ಅದು ಹೇಗೆ ಹೊಳೆಯಿತು ಸಾರ್ ಎಂದು ವಿದ್ಯಾರ್ಥಿಗಳು ಕೇಳಿದರೆ ಕನ್ನಡಕ ಒರೆಸಿಕೊಂಡು ‘ಚಿಂತನೆ’ ಎನ್ನುತ್ತೇನೆ. ಹಸಿ ಸುಳ್ಳು.

1938ರಲ್ಲಿ ತಂಗಿ ಭ್ರಮರಾಂಬಳನ್ನು ನಮ್ಮ ಕಲ್ಯಾಣದುರ್ಗದಿಂದ ಹಿಂದೂಪುರದ ಬೆಲ್ಲದ ಮಂಡಿ ಅಮರೇಶಪ್ಪನಿಗೆ ಕೊಟ್ಟೆವು. ಬೇರೆ ಅಣ್ಣಂದಿರು ಬಳುವಳಿಯಾಗಿ ಹಸು ಕೊಡುತ್ತಾರೆ. ನಾನು ಓದಿದವನಲ್ಲವೇ, ಕೊಳಾಯಿ ಕೊಟ್ಟೆ. ಮಾಳಿಗೆಯ ಮೇಲೆ ತೊಟ್ಟಿ, ಅಲ್ಲಿಂದ ಅಡಿಗೆಮನೆಗೆ ಬಗ್ಗಿಸಿದ ಕಡೆ ಬಗ್ಗುವ ಸೀಸದ ಪೈಪು, ತುದಿಗೆ ಹಿತ್ತಾಳೆಯ ನಲ್ಲಿ. ಪೆನ್ನೆ ಹೊಳೆಯ ಮರಳಿನಲ್ಲಿ ತೋಡಿದ ಸಿಹಿನೀರು ಬಂಡಿಯಲ್ಲಿ ಬಂದು ತೊಟ್ಟಿ ಸೇರುತ್ತಿತ್ತು. ಬೀದಿಯೆಲ್ಲ ನೋಡಲು ಬಂತು. ಒಬ್ಬ ಮುದುಕಿ ನಲ್ಲಿಗೆ ಕುಂಕುಮ ಇಟ್ಟಳು. ನನಗೇ ಇಟ್ಟಷ್ಟು ಹಿಗ್ಗಿದೆ.

ಮರುವರ್ಷ ತಂಗಿಗೆ ಬಸಿರು ಇಳಿಯಿತು. ಜೊತೆಗೆ ಬಿಡದ ಹೊಟ್ಟೆನೋವು. ತವರಿಗೆ ಬಂದರೆ ತಿಂಗಳಲ್ಲಿ ಗುಣ, ಹಿಂದೂಪುರಕ್ಕೆ ಹೋದರೆ ಮತ್ತೆ ಶುರು. ನೀರಿನ ದೋಷವೇನೋ ನೋಡಿ ಎಂದು ಅಮರೇಶಪ್ಪ ಕಾಗದ ಬರೆದ. ನನ್ನ ನಲ್ಲಿಗೆ ದೋಷವೇ? ಸಿಟ್ಟು ಮೂಗಿನ ತುದಿಯಲ್ಲಿಟ್ಟುಕೊಂಡು ಮಧ್ಯಾಹ್ನದ ರೈಲಿಗೆ ಬಂದಿಳಿದೆ. ಪುಸ್ತಕದಲ್ಲಿ ಹೇಳಿದಂತೆ, ಮೊದಲು ಐದು ನಿಮಿಷ ನಲ್ಲಿ ಬಿಟ್ಟು ಪೈಪು ತೊಳೆದೆ.

“ಏಮಯ್ಯಾ, ಬಂಡೀಲಿ ತಂದಿರೋ ನೀರು ಕಣಪ್ಪ ಅದು! ನಿಮ್ ಮದ್ರಾಸಿನಾಗೆ ಹಿಂಗೇ ಸುರೀತಾರಾ?” ಎಂದು ತಂಗಿಯ ಅತ್ತೆ ಹಂಪಮ್ಮ ಬಾಯಿ ಮಾಡಿದಳು.

ವಿಜ್ಞಾನಕ್ಕೆ ಅತ್ತೆಯರ ಹಂಗಿಲ್ಲ. ಸುರಿದಾದ ಮೇಲೆ ಶೀಶೆ ತುಂಬಿಸಿ, ಪರೀಕ್ಷಿಸಿ, ನೀರು ಪರಿಶುದ್ಧ ಎಂದು ಇಂಗ್ಲಿಷಿನಲ್ಲಿ ಬರೆದು ರುಜು ಹಾಕಿದೆ. ಅಮರೇಶಪ್ಪ ಅದಕ್ಕೆ ಗಾಜಿನ ಕಟ್ಟು ಹಾಕಿಸಿದ. ನೀರು ಶುದ್ಧವಾದ ಮೇಲೆ ಕೆಟ್ಟದ್ದು ಯಾವುದು? ಸೊಸೆಯ ಹೊಟ್ಟೆ. ಎರಡನೆಯ ಬಸಿರೂ ಉಳಿಯಲಿಲ್ಲ. 1942ರ ಮಾಘದಲ್ಲಿ ಪೆನುಕೊಂಡದ ಹುಡುಗಿಯೊಬ್ಬಳನ್ನು ಅಮರೇಶಪ್ಪನಿಗೆ ಎರಡನೆಯ ಹೆಂಡತಿಯಾಗಿ ಗೊತ್ತು ಮಾಡಿದರು. ಲಗ್ನಕ್ಕೆ ಒಂಬತ್ತು ದಿನ ಇದ್ದಾಗ ನಾನು ಕೈಮುಗಿದು ಕೇಳಿಕೊಳ್ಳಲು ಹೋದೆ.

ಕೈಮುಗಿಯುವುದು ನನಗೆ ಬಾರದ ವಿದ್ಯೆ. ಉಪನ್ಯಾಸ ಕೊಟ್ಟೆ. ಅದರ ಅಂದ ಕಂಡು, ಅಳುತ್ತಿದ್ದ ಭ್ರಮರಾಂಬ ನಕ್ಕುಬಿಟ್ಟಳು. ನಕ್ಕಾಗ ಒಸಡಿನ ಅಂಚಿನಲ್ಲಿ ನೀಲಿ ಗೆರೆ ಕಂಡಿತು. ಮೈಗೆ ಸೀಸ ಸೇರಿದವರ ಗುರುತು ಅದು. ವರ್ಷಕ್ಕೊಮ್ಮೆ ಕರಿಹಲಗೆಯ ಮೇಲೆ ಅದರ ಚಿತ್ರ ಬರೆಯುತ್ತಿದ್ದೆ. ಬಾಯಲ್ಲಿ ಕಂಡದ್ದು ಅದೇ ಮೊದಲು.

“ನೀನು ನೀರು ಯಾವಾಗ ಕುಡೀತೀಯೇ?” ಎಂದೆ.

ಉತ್ತರ ಬಂದದ್ದು ಹಂಪಮ್ಮನಿಂದ. “ಯಾವಾಗ ಅಂದ್ರೆ? ಕೋಳಿ ಕೂಗೋ ಹೊತ್ಗೆ ಮೊದಲ್ನೇ ಚೊಂಬು ಅವಳ್ದೇ ಕಣಪ್ಪ. ಯಾರೂ ಕದಡ್ದೆ ಇರೋ ಬಾವಿ ನೀರು ಮೊದ್ಲು ಸೊಸೆಗೆ ಕೊಡೋದು ನಮ್ಮನೆ ಪದ್ಧತಿ, ಬಸಿರು ನಿಲ್ಲಲಿ ಅಂತ. ಈಗ ನಲ್ಲಿ ಐತೆ, ನಲ್ಲೀದೇ ಕೊಡ್ತೀನಿ. ಆ ಚೊಂಬನ್ನ ನಾನೂ ಮುಟ್ಟಾಕಿಲ್ಲ, ನನ್ ಮಗನೂ ಮುಟ್ಟಾಕಿಲ್ಲ.”

ಬಾವಿಯಲ್ಲಿ ಮೊದಲ ನೀರೇ ತಿಳಿ. ಸೀಸದ ಪೈಪಿನಲ್ಲಿ ಅದೇ ವಿಷ. ರಾತ್ರಿಯೆಲ್ಲ ಸೀಸ ನೆಕ್ಕುತ್ತ ನಿಂತ ನೀರು ಅದು. ನಾನು ಪರೀಕ್ಷಿಸಿದ್ದೋ, ಮನೆಮಂದಿಯೆಲ್ಲ ಬಳಸಿ, ಮೇಲೆ ನಾನೂ ಸುರಿದು ಪೈಪು ತೊಳೆದಾದ ಮೇಲೆ ಬಂದ ಮಧ್ಯಾಹ್ನದ ನೀರನ್ನು.

ಮರುದಿನ ಬೆಳಿಗ್ಗೆ ಆ ಚೊಂಬನ್ನು ಕಸಿದುಕೊಂಡೆ. ಗಾಜಿನ ಲೋಟಕ್ಕೆ ಬಗ್ಗಿಸಿ, ನನ್ನ ಚೀಲದಲ್ಲಿ ಸದಾ ಇರುವ, ಸೀಸವಿದ್ದರೆ ನೀರಿನ ಬಣ್ಣ ತಿರುಗಿಸುವ ಗಂಧಕದ ದ್ರಾವಣ ಬಿಟ್ಟೆ. ಕೊಳೆತ ಮೊಟ್ಟೆಯ ವಾಸನೆ ಎದ್ದಿತು.

“ಲಿಂಗವಂತರ ಮನೆಯೊಳಗೆ ಮೊಟ್ಟೆ ತಂದ್ಬುಟ್ನಲ್ಲಪ್ಪೋ!” ಎಂದು ಹಂಪಮ್ಮ ಕಿರುಚುವಷ್ಟರಲ್ಲಿ ನೀರು ಕಾಫಿ ಬಣ್ಣಕ್ಕೆ ತಿರುಗಿತು. ನಲ್ಲಿಯನ್ನು ಐದು ನಿಮಿಷ ಬಿಟ್ಟು, ಆಮೇಲೆ ಹಿಡಿದ ನೀರಿಗೂ ಅದೇ ದ್ರಾವಣ ಹಾಕಿ ತೋರಿಸಿದೆ. ಅದು ತಿಳಿಯಾಗಿಯೇ ಉಳಿಯಿತು.

“ದೋಷ ಇವಳದಲ್ಲ, ನನ್ನ ಪೈಪಿನದು. ನಾನು ಬರೆದುಕೊಟ್ಟದ್ದು ತಪ್ಪು,” ಎಂದೆ. ಪ್ರೊಫೆಸರನ ನಾಲಿಗೆಗೆ ಬೇವಿಗಿಂತ ಕಹಿ ಮಾತು.

ಹಂಪಮ್ಮ ತನ್ನ ಅಂಗೈ ನೋಡಿಕೊಂಡಳು. “ನನ್ ಕೈಯಾರೆ ಕುಡಿಸ್ದೆನಲ್ಲಪ್ಪಾ,” ಎಂದು ಕುಸಿದು ಕೂತಳು. ಆ ಗಯ್ಯಾಳಿಯ ಮೇಲೆ ನನಗೆ ಮೊದಲ ಸಲ ಮರುಕ ಹುಟ್ಟಿತು. ಅಂದೇ ಪೆನುಕೊಂಡಕ್ಕೆ ಆಳು ಹೋದ, ಲಗ್ನ ನಿಂತಿತು. ಅಮರೇಶಪ್ಪ ತಾನೇ ಪೈಪು ಕಿತ್ತು ಬೀದಿಗೆಸೆದ.

ತಂಗಿ ನಾಲ್ಕು ತಿಂಗಳು ತವರಿನಲ್ಲಿದ್ದು ಸುಧಾರಿಸಿಕೊಳ್ಳಲಿ ಎಂದು ಕಲ್ಯಾಣದುರ್ಗಕ್ಕೆ ಯುದ್ಧಕಾಲದ ಇದ್ದಿಲು ಹೊಗೆಯ ಬಸ್ಸಿನಲ್ಲಿ ಹೊರಟೆವು. ನನಗೆ ಹಿಗ್ಗೋ ಹಿಗ್ಗು. ಅವಳ ಸಂಸಾರ ಉಳಿದಿತ್ತು, ನನ್ನ ಪ್ರಬಂಧದ ಮೊದಲ ಸಾಲು ಆಗಲೇ ತಲೆಯಲ್ಲಿ ಸಿದ್ಧವಾಗಿತ್ತು: ಪರೀಕ್ಷಿಸಬೇಕಾದದ್ದು ಬೆಳಗಿನ ಮೊದಲ ನೀರನ್ನು. ಅದನ್ನು ಅವಳಿಗೂ ಬಿಡಿಸಿ ಬಿಡಿಸಿ ಹೇಳುತ್ತಿದ್ದೆ.

“ಅಣ್ಣ,” ಎಂದಳು. “ಹೋದ್ಸಲ ನೀನು ಶೀಶೆ ತುಂಬಿಸ್ವಾಗ ನಾನು ಪಕ್ಕದಾಗೇ ನಿಂತಿದ್ದೆ. ಆಗ್ಲೇ ಎರಡನೇದು ಹೊಟ್ಟೇಲಿತ್ತು. ನೀರು ಯಾವಾಗ ಕುಡೀತೀಯಾ ಅಂತ ಆವತ್ತೇ ನನ್ನ ಒಂದ್ಮಾತು ಕೇಳೋಕೆ ನಿಂಗೇನಾಗಿತ್ತು?”

ಬಸ್ಸಿನಲ್ಲಿ ನಾವಿಬ್ಬರೇ ಇದ್ದಿದ್ದರೆ ಅವಳ ಕಾಲು ಹಿಡಿಯುತ್ತಿದ್ದೆ. ಜನ ತುಂಬಿದ್ದರು. ಹಿಡಿಯಲಿಲ್ಲ.